ವಾಲಗಕ್ಕೆ ವೀಳ್ಯ ಕೊಡುವ ಮುನ್ನ

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನವನು. ಹದಿನೆಂಟನೇ ವಯಸ್ಸಿಗೆ ರಸಮಂಜರಿ ತಂಡವೊಂದರಲ್ಲಿ ಡೋಲಕ್ ಹಿಡಿದು ಕೂತೆ. ಆಮೇಲೆ ರಿದಮ್ ಪ್ಯಾಡ್ ಬಂತು, ಅದನ್ನೂ ಕಲಿತೆ. ಬೆರಳಿನ ಗಂಟುಗಳಲ್ಲಿ ನೋವು ಶುರುವಾದ ಮೇಲೆ ನುಡಿಸುವುದು ಕಡಿಮೆಯಾಗಿ, ಮದುವೆಗೆ, ಜಾತ್ರೆಗೆ, ಗಣಪತಿ ಕೂರಿಸುವ ಹುಡುಗರಿಗೆ ತಂಡ ಗೊತ್ತು ಮಾಡಿಕೊಡುವ ಕೆಲಸವೇ ಹೆಚ್ಚಾಯಿತು. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಈ ನಾಲ್ಕೂ ಕಡೆ ವಾಲಗದವರ, ತಮಟೆಯವರ, ಆರ್ಕೆಸ್ಟ್ರಾದವರ ಮನೆಗಳ ಜಗಲಿ ನನಗೆ ಗೊತ್ತು. ಕರೆಸಿದವರ ಕಷ್ಟ, ಬಂದವರ ಕಷ್ಟ ಎರಡನ್ನೂ ಕಂಡು ಕಲಿತ ಪಾಠಗಳಿವು.

1. ಮೊದಲು ಗಳಿಗೆ ಎಣಿಸಿ, ಆಮೇಲೆ ತಂಡ ಹುಡುಕಿ

"ಒಳ್ಳೇ ವಾಲಗ ನೋಡಿ ಅಣ್ಣ" ಎಂದು ಫೋನ್ ಬರುತ್ತದೆ. ಯಾವಾಗಿಂದ ಯಾವಾಗಿನವರೆಗೆ ಅಂದರೆ "ಮದುವೆಗೆ" ಎಂಬುದೇ ಉತ್ತರ. ನಮ್ಮ ಕಡೆಯ ಮದುವೆ ಒಂದು ಗಳಿಗೆಯಲ್ಲಿ ಮುಗಿಯುವುದಿಲ್ಲ. ಚಪ್ಪರಕ್ಕೆ ಸೊಪ್ಪು ಹೊದಿಸುವಾಗ ವಾಲಗ ಬೇಕು. ಹೆಂಗಸರು ಶಾಸ್ತ್ರದ ನೀರು ತರಲು ಹೊರಟಾಗ ಮುಂದೆ ವಾಲಗ ಬೇಕು. ಎಣ್ಣೆ ಅರಿಶಿನಕ್ಕೆ ಬೇಕು, ಛತ್ರದ ಬಾಗಿಲಲ್ಲಿ ಗಂಡಿನ ಕಡೆಯವರನ್ನು ಎದುರುಗೊಳ್ಳುವಾಗ ಬೇಕು, ಧಾರೆಗಂತೂ ಬೇಕೇ ಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಹೊತ್ತಿನ ಸಮೇತ ಬರೆದು ವಾಲಗದವರಿಗೆ ಕೊಟ್ಟವರನ್ನು ನಾನು ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ. ಕೊಟ್ಟ ಮನೆಗಳಲ್ಲಿ ಒಂದು ಗೊಂದಲವೂ ಆಗಲಿಲ್ಲ.

ನಾಗಸ್ವರ ಉಸಿರಿನ ವಾದ್ಯ. ಸಂಜೆ ಆರತಕ್ಷತೆಯಲ್ಲಿ ನಾಲ್ಕು ತಾಸು ಊದಿದವನು ಬೆಳಗಿನ ಜಾವ ಮುಹೂರ್ತಕ್ಕೆ ಮತ್ತೆ ಅದೇ ಗಟ್ಟಿತನದಲ್ಲಿ ಊದಬೇಕೆಂದರೆ ನಡುವೆ ನಿದ್ದೆ ಬೇಕು. ಡೋಲಿನವನು ಬಲಗೈ ಬೆರಳುಗಳಿಗೆ ಗಟ್ಟಿ ಕವಚ ಹಾಕಿರುತ್ತಾನೆ, ಎಡಗೈಯಲ್ಲಿ ಕೋಲು. ಆ ಕವಚದೊಳಗೆ ಬೆರಳು ಊದಿಕೊಳ್ಳುವುದು ಕೂತು ಕೇಳುವವರಿಗೆ ಕಾಣುವುದಿಲ್ಲ. ಎರಡು ದಿನದ ಮದುವೆಗೆ ಒಂದು ನಾಗಸ್ವರ, ಒಂದು ಡೋಲು ಸಾಕು ಎಂದು ಕಡಿಮೆ ಮಾಡಬೇಡಿ. ಇಬ್ಬರು ಊದುವವರು, ಇಬ್ಬರು ಡೋಲಿನವರು, ತಾಳಕ್ಕೆ ಒಬ್ಬ ಇದ್ದರೆ ಒಬ್ಬರು ದಣಿದಾಗ ಇನ್ನೊಬ್ಬರು ಹಿಡಿಯುತ್ತಾರೆ.

ಯಾವ ಗಳಿಗೆಗೆ ಯಾವ ವಾದ್ಯ ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ಹೀಗೆ ಬೇರೆ ಬೇರೆ ಮಾಡುವುದು ಹೊಸದಲ್ಲ: ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತ ನುಡಿಸುವ ವಾದ್ಯವೃಂದ ಬೇರೆ, ಇಂಗ್ಲಿಷ್ ಬ್ಯಾಂಡ್ ಬೇರೆ ಇತ್ತು. ಇವತ್ತಿಗೂ ಪೊಲೀಸ್ ಬ್ಯಾಂಡಿನಲ್ಲಿ ಆ ಎರಡು ಕವಲು ಉಳಿದಿವೆ. ಹಾಗೆಯೇ ನಮ್ಮಲ್ಲೂ ಧಾರೆಗೆ ವಾಲಗ, ಮೆರವಣಿಗೆಗೆ ತಮಟೆಯೋ ಬ್ಯಾಂಡ್ ಸೆಟ್ಟೋ ಚೆಂಡೆಯೋ, ಕೂತು ಕೇಳಲು ರಸಮಂಜರಿ. ಮಾದಪ್ಪನ ಒಕ್ಕಲಿನ ಮನೆಯಾದರೆ ಕಂಸಾಳೆಯವರನ್ನು ಕರೆಸಿ. ಗೃಹಪ್ರವೇಶದ ರಾತ್ರಿ ಅವರು ಕೂತು ಹಾಡಿದರೆ ಆ ಮನೆಗೆ ಬರುವ ಕಳೆಯೇ ಬೇರೆ. ಎಲ್ಲವನ್ನೂ ಕರೆಸುವ ಶಕ್ತಿ ಇಲ್ಲದಿದ್ದರೆ ನನ್ನ ಮಾತು ಇಷ್ಟೇ: ಆರ್ಕೆಸ್ಟ್ರಾ ಬಿಡಿ, ವಾಲಗ ಚೆನ್ನಾಗಿರುವವರನ್ನು ಹಿಡಿಯಿರಿ. ಈಚೆಗೆ ಎಲ್ಲರೂ ಇದಕ್ಕೆ ತಿರುಗುಮುರುಗಾಗಿ ಮಾಡುತ್ತಿದ್ದಾರೆ. ಆರತಕ್ಷತೆಯ ಎರಡು ತಾಸಿಗೆ ಕೈತುಂಬ ಖರ್ಚು ಮಾಡಿ, ತಾಳಿ ಕಟ್ಟುವ ಗಳಿಗೆಗೆ ಸಿಕ್ಕವರನ್ನು ಕೂರಿಸುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

2. ಎರಡು ವಾದ್ಯ ಇದ್ದರೆ ನಡುವೆ ಒಬ್ಬ ಮನುಷ್ಯ ನಿಲ್ಲಲಿ

ಹುಣಸೂರು ಕಡೆಯ ಛತ್ರವೊಂದರಲ್ಲಿ ನಮ್ಮ ನೆಂಟರ ಮದುವೆ. ಒಳಗೆ ವಾಲಗ, ಹೊರಗೆ ಚೆಂಡೆ, ಎರಡನ್ನೂ ಗೊತ್ತು ಮಾಡಿದವನು ನಾನೇ. ಮುಹೂರ್ತದ ಹೊತ್ತಿಗೆ ಗಂಡಿನ ಗೆಳೆಯರು ಬಾಗಿಲಲ್ಲಿ ಚೆಂಡೆಯವರನ್ನು ನಿಲ್ಲಿಸಿಕೊಂಡು ಕುಣಿಯುತ್ತಿದ್ದರು. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ವಾಲಗದವರು ಕೂತದ್ದು ಮಂಟಪದ ಎಡಗಡೆ, ಫೋಟೊದವರ ಹಿಂದೆ. ಕೈ ಕಾಣಲಿಲ್ಲ, ಕೂಗು ಚೆಂಡೆಯ ಸದ್ದಿನಲ್ಲಿ ಕೇಳಲಿಲ್ಲ. ತಾಳಿ ಕಟ್ಟಿ ಆಯಿತು. ಅಕ್ಷತೆ ಬಿದ್ದ ಮೇಲೆ ಡೋಲು ಎದ್ದಿತು.

ಯಾರೂ ಗಮನಿಸಲಿಲ್ಲ ಅಂದುಕೊಂಡೆ. ಹೆಣ್ಣಿನ ಅಜ್ಜಿ ಊಟದ ಮನೆಯಲ್ಲಿ ನನ್ನ ಕೈ ಹಿಡಿದು, "ಮಗಾ, ಗಟ್ಟಿಮೇಳವೇ ಆಗ್ಲಿಲ್ವಲ್ಲಪ್ಪ" ಅಂದರು. ಬೈಯಲಿಲ್ಲ. ಆ ಮಾತು ಇವತ್ತಿಗೂ ನನ್ನ ಬೆನ್ನಿಗಿದೆ. ವಾಲಗದ ಹಿರಿಯರು ಅವತ್ತು ಊಟ ಮಾಡದೆ ಎದ್ದು ಹೋದರು. ಅವರ ಮನಸ್ಸಿಗೂ ಅಷ್ಟೇ ನೋವಾಗಿತ್ತು.

ಅಂದಿನಿಂದ ಮೂರು ಕಟ್ಟಳೆ ಇಟ್ಟುಕೊಂಡಿದ್ದೇನೆ. ಪುರೋಹಿತರ ಮುಖ ವಾಲಗದವರಿಗೆ ನೇರ ಕಾಣಬೇಕು. ಫೋಟೊ, ವಿಡಿಯೊದವರಿಗೆ ಆ ಜಾಗ ಬಿಡಲು ಮೊದಲೇ ಹೇಳಬೇಕು. ಮುಹೂರ್ತಕ್ಕೆ ಕಾಲು ಗಂಟೆ ಮುಂಚೆ ಹೊರಗಿನ ವಾದ್ಯ ನಿಲ್ಲಬೇಕು. ಇದನ್ನು ಹೊರಗಿನವರಿಗೆ ಹೇಳಲು ಮನೆಯ ಒಬ್ಬ ಮನುಷ್ಯ, ಸೋದರಮಾವನೋ ಭಾವನೋ, ಬೇರೆ ಯಾವ ಕೆಲಸವೂ ಇಲ್ಲದೆ ಬಾಗಿಲಲ್ಲಿ ನಿಲ್ಲಬೇಕು. ಹಣ ಕೊಡುವ ಮನುಷ್ಯನೇ ನಿಂತರೆ ಇನ್ನೂ ಒಳ್ಳೆಯದು, ಏಕೆಂದರೆ ಕುಣಿಯುವ ಹುಡುಗರ ನಡುವೆ ವಾದ್ಯದವರು ಬೇರೆ ಯಾರ ಮಾತಿಗೂ ಕೈ ನಿಲ್ಲಿಸಲು ಧೈರ್ಯ ಮಾಡುವುದಿಲ್ಲ.

3. ಫೋನಿನಲ್ಲಿ ಕಂಡ ತಂಡ, ಬಾಗಿಲಿಗೆ ಬರುವ ತಂಡ

ವಿಡಿಯೊದಲ್ಲಿ ಹತ್ತು ಜನ ಇರುತ್ತಾರೆ, ಬಂದು ಇಳಿಯುವವರು ಐದು. ಕೀಬೋರ್ಡಿನವನು ಒಬ್ಬ, ಪ್ಯಾಡಿನವನು ಒಬ್ಬ, ಉಳಿದದ್ದೆಲ್ಲ ಟ್ರ್ಯಾಕ್. ಟ್ರ್ಯಾಕ್ ಹಾಕಿ ಹಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಸಣ್ಣ ಖರ್ಚಿನ ನಾಮಕರಣಕ್ಕೆ ಅದೇ ಸರಿ. ಆದರೆ ನುಡಿಸುವವರಿಗೆಂದು ಹಣ ಕೊಡುವಾಗ ಎಷ್ಟು ಜನ ಕೈಯಾರೆ ನುಡಿಸುತ್ತಾರೆ, ಯಾರು ಯಾವ ವಾದ್ಯ ಎಂದು ಹೆಸರು ಸಮೇತ ಬರೆಸಿಕೊಳ್ಳಿ. ಲಗ್ನದ ದಿನಗಳಲ್ಲಿ ಒಂದೇ ತಂಡ ಎರಡಾಗಿ ಒಡೆದು ಎರಡು ಊರಿಗೆ ಹೋಗುವುದುಂಟು.

ಕೇಳದೆ ಗೊತ್ತು ಮಾಡಬೇಡಿ. ಕೇಳಲು ನಮ್ಮಲ್ಲಿ ಜಾಗಕ್ಕೇನೂ ಬರವಿಲ್ಲ. ಸಂಕ್ರಾಂತಿಯ ಹೊತ್ತಿನ ಚುಂಚನಕಟ್ಟೆ ದನದ ಜಾತ್ರೆ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಜಾತ್ರೆ, ಕಬಿನಿ ದಡದ ಚಿಕ್ಕದೇವಮ್ಮನ ಜಾತ್ರೆ, ಊರೂರಿನ ಗಣಪತಿ. ಒಂದು ಸಂಜೆ ಹೋಗಿ ಜನರ ಹಿಂದೆ ನಿಲ್ಲಿ. ಮೊದಲ ಹಾಡಿಗೆ ಬೆಲೆ ಕಟ್ಟಬೇಡಿ, ಅದು ಎಲ್ಲರಿಗೂ ಚೆನ್ನಾಗಿ ಬರುತ್ತದೆ. ಕರೆಂಟು ಹೋದಾಗ, ಮೈಕ್ ಕೈಕೊಟ್ಟಾಗ, ಯಾರೋ ಚೀಟಿ ಕಳಿಸಿ ಅಭ್ಯಾಸವಿಲ್ಲದ ಹಾಡು ಕೇಳಿದಾಗ ಅವರು ಏನು ಮಾಡುತ್ತಾರೆ ನೋಡಿ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಶ್ರುತಿ ಹೊಂದಿಸಿಕೊಳ್ಳುವವರು ಬಹಳ ದಿನ ಒಟ್ಟಿಗೆ ನುಡಿಸಿದವರು. ಅಂಥವರಿಗೆ ವೀಳ್ಯ ಕೊಡಿ.

ನಮ್ಮ ತಂಬಾಕಿನ ಸೀಮೆಯಲ್ಲಿ ಇನ್ನೊಂದು ಲೆಕ್ಕ ಇದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಸೊಪ್ಪು ಮಾರಿ ಕೈಗೆ ದುಡ್ಡು ಬಂದ ಮೇಲೆಯೇ ಬಹಳ ಮನೆಗಳಲ್ಲಿ ಮದುವೆ ನಿಶ್ಚಯವಾಗುವುದು. ಧನುರ್ಮಾಸ ಕಳೆದದ್ದೇ ಎಲ್ಲರೂ ಒಟ್ಟಿಗೆ ವಾಲಗಕ್ಕೆ ಹೊರಡುತ್ತಾರೆ. ನಿಶ್ಚಿತಾರ್ಥದ ವಾರದಲ್ಲೇ ಎಲೆ ಅಡಿಕೆ ಕೊಟ್ಟು ಬನ್ನಿ. ಲಗ್ನಪತ್ರಿಕೆ ಅಚ್ಚಾಗುವವರೆಗೆ ಕಾದರೆ ಉಳಿದವರು ಮಾತ್ರ ಸಿಗುತ್ತಾರೆ.

4. ಕರೆಂಟು

ಕೆ.ಆರ್. ನಗರದ ಆಚೆ ಒಂದು ಹಳ್ಳಿಯಲ್ಲಿ ಗಣಪತಿ ಬಿಡುವ ದಿನ ರಸಮಂಜರಿ. ಹುಡುಗರು ಕಂಬಕ್ಕೆ ತಂತಿ ಸಿಕ್ಕಿಸಿ ಕರೆಂಟು ತೆಗೆದಿದ್ದರು. ನನ್ನ ಕೈಯಲ್ಲಿದ್ದ ಮೀಟರಿನಲ್ಲಿ 230 ಇರಬೇಕಾದ ಕಡೆ 170 ತೋರಿಸಿತು. ಬಣ್ಣದ ದೀಪ ಹೊತ್ತಿಸಿದಾಗಲೆಲ್ಲ ಕೀಬೋರ್ಡ್ ಆರಿ ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಆಮೇಲೆ ಹಾಡುಗಾರನ ತುಟಿ ಮೈಕಿಗೆ ತಾಗಿ ಜುಮ್ಮೆಂದು ಹೊಡೆಯಿತು. ಪುಣ್ಯಕ್ಕೆ ಕೈ ಬಿಟ್ಟು ಹಿಂದಕ್ಕೆ ಬಿದ್ದ. ಅರ್ಥಿಂಗ್ ಇರಲಿಲ್ಲ, ಕೆಳಗೆ ಮಳೆಯಲ್ಲಿ ನೆಂದ ನೆಲ. ಅವತ್ತು ಕಾರ್ಯಕ್ರಮ ಅಲ್ಲಿಗೇ ನಿಲ್ಲಿಸಿದೆ. ಊರಿನವರು ಕೋಪ ಮಾಡಿಕೊಂಡರು, ಮಾಡಿಕೊಳ್ಳಲಿ.

ಸೆಸ್ಕ್ ಕಚೇರಿಯಲ್ಲಿ ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಇಲ್ಲವೇ ಜನರೇಟರ್ ತರಿಸಿ. ಸಾಧಾರಣ ಆರ್ಕೆಸ್ಟ್ರಾಕ್ಕೆ ನಾವು 25 ಕೆವಿಎ ತರಿಸುತ್ತೇವೆ. ಎತ್ತರದ ಬಾಕ್ಸು, ದೊಡ್ಡ ಲೈಟು ಇದ್ದರೆ 62.5. ದೀಪದ ದಾರಿ ಬೇರೆ, ಸೌಂಡಿನ ದಾರಿ ಬೇರೆ ಎಳೆಸಿ. ನೆಲಕ್ಕೆ ಸರಳು ಹೊಡೆದು ಅರ್ಥಿಂಗ್ ಕೊಟ್ಟಿದ್ದಾರೆಯೇ ಎಂದು ನಿಂತು ನೋಡಿ. ಡೀಸೆಲ್ ಯಾರದ್ದು ಎಂಬುದನ್ನು ಮುಂಗಡದ ದಿನವೇ ಮಾತಾಡಿ.

ಏಪ್ರಿಲ್, ಮೇ ತಿಂಗಳಿಗೆ ಮೇಲೊಂದು ಮಾತು. ಅಶ್ವಿನಿ, ಭರಣಿ ಮಳೆಗೆ ಹೊತ್ತು ಗೊತ್ತಿಲ್ಲ. ಸಂಜೆ ಐದಕ್ಕೆ ಬಿಸಿಲು, ಆರಕ್ಕೆ ಗಾಳಿ, ಏಳಕ್ಕೆ ಆಲಿಕಲ್ಲು. ವೇದಿಕೆಗೆ ಬರೀ ಬಟ್ಟೆಯ ಶಾಮಿಯಾನ ಸಾಲದು. ಮೇಲೆ ತಗಡು ಬೇಕು, ಮಿಕ್ಸರ್ ಇಡುವ ಜಾಗಕ್ಕೂ ಬೇಕು.

5. ತಮಟೆಯವರಿಗೆ ಬೆಂಕಿ ಬೇಕು, ಎಲೆಯೂ ಬೇಕು

ಚರ್ಮದ ತಮಟೆ ಇಬ್ಬನಿಗೆ, ತೇವಕ್ಕೆ ಸಡಿಲವಾಗುತ್ತದೆ. ಒಣಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದರೆ ಮತ್ತೆ ಬಿಗಿಯಾಗಿ ಗಣಗಣ ಎನ್ನುತ್ತದೆ. ಅರ್ಧ ತಾಸಿಗೊಮ್ಮೆ ಅವರು ಮೂಲೆಗೆ ಹೋಗಿ ಬೆಂಕಿ ಮಾಡಿದರೆ "ಸೋಮಾರಿಗಳು, ಬೀಡಿ ಸೇದಕ್ಕೆ ಹೋದ್ರು" ಎಂದು ಗದರುವವರನ್ನು ಕಂಡಿದ್ದೇನೆ. ಶಾಮಿಯಾನದಿಂದ ದೂರ, ಗಾಳಿಗೆ ಮರೆಯಾಗಿ ಒಂದು ಜಾಗ ತೋರಿಸಿ, ನಾಲ್ಕು ಹೊರೆ ಒಣಹುಲ್ಲು, ಪಕ್ಕದಲ್ಲಿ ಒಂದು ಬಿಂದಿಗೆ ನೀರು ಇಟ್ಟುಕೊಡಿ. ಮೆರವಣಿಗೆ ಹೋಗುವ ದಾರಿಯಲ್ಲೂ ಇಂಥ ಎರಡು ಜಾಗ ಗೊತ್ತು ಮಾಡಿಡಿ. ಈಗ ಫೈಬರ್ ತಮಟೆ ಬಂದಿದೆ, ಅದಕ್ಕೆ ಬೆಂಕಿ ಬೇಡ. ಸದ್ದು ಜೋರಾಗಿರುತ್ತದೆ, ಆದರೆ ಚರ್ಮದ ನಾದ ಅದರಲ್ಲಿಲ್ಲ.

ಊಟದ ಮಾತು ಹೇಳಲೇಬೇಕು. ತಮಟೆ ಬಾರಿಸುವವರನ್ನು ಎಲ್ಲರೂ ಉಂಡ ಮೇಲೆ ಹಿತ್ತಲಿಗೆ ಕರೆದು, ಪೊಟ್ಟಣ ಕೊಟ್ಟು ಕಳಿಸುವ ಮನೆಗಳು ಇನ್ನೂ ಇವೆ. ಹಾಗೆ ಮಾಡುವ ಮನೆಗೆ ನಾನು ತಂಡ ಗೊತ್ತು ಮಾಡಿಕೊಡುವುದಿಲ್ಲ. ಮಾತಿನ ಮೊದಲೇ ಕೇಳುತ್ತೇನೆ: ಪಂಕ್ತಿಯಲ್ಲಿ ಕೂರಿಸುತ್ತೀರಾ? ಮುಖ ಸಿಂಡರಿಸಿದರೆ ಎದ್ದು ಬರುತ್ತೇನೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆ ಬಾರಿಸಿದ್ದಕ್ಕೇ ಪದ್ಮಶ್ರೀ ಬಂತು. ರಾಷ್ಟ್ರಪತಿಗಳ ಕೈಯಿಂದ ಗೌರವ ಪಡೆದ ವಿದ್ಯೆ ನಮ್ಮೂರಿನ ಊಟದ ಮನೆಯ ಬಾಗಿಲಲ್ಲಿ ನಿಲ್ಲುವುದೇಕೆ? ವಾಲಗದವರಿಗೂ ಇದೇ ಮಾತು. ಧಾರೆ ಮುಗಿದ ಮೇಲೆ ಅವರಿಗೆ ಕೊನೆಯ ಪಂಕ್ತಿ ಎಂಬ ರೂಢಿ ಬಿಡಿ. ಬೆಳಗಿನ ಜಾವದಿಂದ ಖಾಲಿ ಹೊಟ್ಟೆಯಲ್ಲಿ ಊದಿದವರು ಅವರು.

6. ಹತ್ತು ಗಂಟೆ ಅಂದರೆ ಹತ್ತು ಗಂಟೆ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. 2010ರ ತಿದ್ದುಪಡಿಯಲ್ಲಿ ವಾದ್ಯಗಳೂ ಸೇರಿದವು. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾತ್ರಿ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಮ್ಮ ಮನೆಯ ಮದುವೆ ಆ ಪಟ್ಟಿಯಲ್ಲಿ ತಾನಾಗಿ ಸೇರುವುದಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ವಾಸದ ಬೀದಿಗೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಒಂದು ಜೊತೆ ದೊಡ್ಡ ಬಾಕ್ಸು ಇಟ್ಟರೆ ಅದು ಯಾವತ್ತೋ ದಾಟಿರುತ್ತದೆ. ಠಾಣೆಯಲ್ಲಿ ಅನುಮತಿ ಪತ್ರ ತೆಗೆದುಕೊಂಡು ಅದರ ಪ್ರತಿಯೊಂದನ್ನು ತಂಡದ ಮೇಸ್ತ್ರಿಗೂ ಕೊಡಿ. ಪೊಲೀಸರು ಬಂದಾಗ ಮೊದಲು ಕೈ ಹಾಕುವುದು ತಂಡದವರ ಆಂಪ್ಲಿಫೈಯರ್‌ಗೆ.

ಬ್ರಾಹ್ಮೀ ಮುಹೂರ್ತದ ಮದುವೆಗಳಿಗೆ ಇದರಲ್ಲೊಂದು ತೊಡಕಿದೆ. ಬೆಳಿಗ್ಗೆ 6ಕ್ಕೆ ಮೊದಲೇ ಧಾರೆ ಇದ್ದರೆ ವಾಲಗವನ್ನು ಛತ್ರದ ಒಳಗೇ ಕೂರಿಸಿ, ಹೊರಗಿನ ಹಾರ್ನು ಬಿಚ್ಚಿಸಿ. ಪರೀಕ್ಷೆಯ ತಿಂಗಳಲ್ಲಿ ನೆರೆಮನೆಯ ಮಕ್ಕಳನ್ನು ನೆನೆಯಿರಿ. ಕಾನೂನಿಗಿಂತ ಹೆಚ್ಚಾಗಿ ಇದು ನೆರೆಹೊರೆಯ ಮಾತು.

ಸಿನಿಮಾ ಹಾಡಿಗೆ ಹಣ ಕಟ್ಟಬೇಕೇ ಎಂದು ಕೆಲವರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮದುವೆಯ ಮೆರವಣಿಗೆಗೆ, ಮದುವೆಗೆ ಸೇರಿದ ಸಂಭ್ರಮಗಳಿಗೆ ವಿನಾಯಿತಿ ಇದೆ. ರೆಸಾರ್ಟಿನ ಹೊಸ ವರ್ಷದ ಪಾರ್ಟಿಗೆ ಅದು ಸಲ್ಲದು.

7. ಹಾಡಲು ಬರುವ ಹೆಣ್ಣುಮಕ್ಕಳು

ಬೇಗ ಹೇಳಿ ಮುಗಿಸುವ ಮಾತಲ್ಲ ಇದು. ಹಾಡುವ ಹೆಣ್ಣುಮಗಳು ಬಟ್ಟೆ ಬದಲಿಸಲು ವ್ಯಾನಿನ ಹಿಂಬದಿಗೆ ಹೋಗಿ ಸೀರೆಯ ಮರೆ ಕಟ್ಟಿಕೊಳ್ಳುವುದನ್ನು ನಾನು ಎಷ್ಟೋ ಊರಲ್ಲಿ ನೋಡಿದ್ದೇನೆ. ಐದು ತಾಸು ನೀರು ಕುಡಿಯದೆ ಹಾಡುತ್ತಾರೆ, ಶೌಚಾಲಯ ಇಲ್ಲ ಎಂಬ ಒಂದೇ ಕಾರಣಕ್ಕೆ. ಗಂಟಲು ಒಣಗಿದ ಮೇಲೆ "ಹಾಡು ಚೆನ್ನಾಗಿಲ್ಲ" ಎನ್ನುತ್ತೇವೆ. ವೇದಿಕೆಗೆ ಹತ್ತಿರದ ಒಂದು ಮನೆಯ ಕೋಣೆ, ಅಗುಳಿ ಇರುವ ಬಾಗಿಲು, ಶೌಚಾಲಯ, ಜೊತೆಗೆ ಮನೆಯ ಒಬ್ಬ ಅಕ್ಕ. ಇಷ್ಟನ್ನು ಮೊದಲೇ ಏರ್ಪಾಡು ಮಾಡಿ.

ವೇದಿಕೆಗೆ ಮೆಟ್ಟಿಲು ಒಂದೇ ಕಡೆ ಇರಲಿ, ಅಲ್ಲಿ ಊರಿನ ಇಬ್ಬರು ಹಿರಿಯರು ಕೂರಲಿ. ಕುಡಿದು ಮೇಲೆ ಹತ್ತುವವರನ್ನು, ನೋಟು ಹಿಡಿದು ಕೈ ನೀಡುವವರನ್ನು ತಡೆಯುವುದು ತಂಡದ ಕೆಲಸವಲ್ಲ, ಕರೆಸಿದವರ ಕೆಲಸ. ಹಾಡಿನ ಚೀಟಿ ಕೆಳಗೆ ಒಬ್ಬರ ಕೈಗೆ ಬರಲಿ.

8. ದುಡ್ಡು, ಇನಾಮು

ಮೂರರಲ್ಲಿ ಒಂದು ಪಾಲು ಮುಂಗಡ, ಉಳಿದದ್ದು ಸಾಮಾನು ಕಟ್ಟುವ ಮೊದಲು. "ನಾಳೆ ಬಾ, ಮುಯ್ಯಿ ಲೆಕ್ಕ ಆದ ಮೇಲೆ ಕೊಡ್ತೀನಿ" ಅನ್ನಬೇಡಿ. ಮೇಸ್ತ್ರಿ ಅದೇ ರಾತ್ರಿ ಹತ್ತು ಜನಕ್ಕೆ ಹಂಚಬೇಕು. ವೇದಿಕೆಗೆ ಬೀಳುವ ಇನಾಮು ಯಾರಿಗೆ ಎಂದು ಮೊದಲೇ ಹೇಳಿ. ಅದು ತಂಡದ್ದೇ ಎಂಬುದು ನನ್ನ ನಿಲುವು.

ಹಾಡಿಗಳಿಂದ ಜೇನುಕುರುಬ, ಬೆಟ್ಟಕುರುಬ ಕಲಾವಿದರನ್ನು ರೆಸಾರ್ಟಿಗೋ ಸಮಾರಂಭಕ್ಕೋ ಕರೆಸುವವರಿದ್ದರೆ, ಮಧ್ಯದವರ ಕೈಗೆ ದುಡ್ಡು ಕೊಡದೆ ಯಜಮಾನನ ಎದುರು ಒಬ್ಬೊಬ್ಬರ ಕೈಗೂ ಕೊಡಿ. ಯಾವ ಹಾಡು ಹೊರಗಿನವರ ಮುಂದೆ ಹಾಡಬಹುದು, ಯಾವುದು ದೇವರ ಮುಂದೆ ಮಾತ್ರ ಎಂಬುದನ್ನು ಅವರೇ ಹೇಳಲಿ. ಸೊಪ್ಪು ಸುತ್ತಿಕೊಂಡು ಬಾ ಎಂದು ಯಾರನ್ನೂ ಕೇಳಬೇಡಿ.

9. ಹೋಗುವ ದಾರಿ

ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮರೆಯುವುದು ಇದನ್ನೇ. ಈಗ ವಯನಾಡಿನಿಂದ ಚೆಂಡೆಯವರನ್ನು ಕರೆಸುವುದು ಹೆಚ್ಚಾಗಿದೆ. ಮಾನಂದವಾಡಿಯಿಂದ ಬಾವಲಿ ಮೇಲೆ ಅಂತರಸಂತೆ, ಹ್ಯಾಂಡ್‌ಪೋಸ್ಟಿಗೆ ಬರುವ ದಾರಿ ನಾಗರಹೊಳೆ ಕಾಡಿನೊಳಗಿದೆ. ಸಂಜೆ 6ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೇ ತೆರೆಯುವುದು. ಹುಣಸೂರಿನಿಂದ ವೀರನಹೊಸಹಳ್ಳಿ ಮೇಲೆ ಕುಟ್ಟಕ್ಕೆ ಹೋಗುವ ದಾರಿಗೂ ಇದೇ ಕಟ್ಟು. ಏಳು ಗಂಟೆಯ ಆರತಕ್ಷತೆಗೆಂದು ಐದೂವರೆಗೆ ಮಾನಂದವಾಡಿ ಬಿಟ್ಟ ತಂಡ ಗೇಟಿನಾಚೆ ನಿಂತು ಫೋನ್ ಮಾಡಿದ್ದುಂಟು. ಗೋಣಿಕೊಪ್ಪದ ಮೇಲೆ ಸುತ್ತಿ ಬರುವಷ್ಟರಲ್ಲಿ ಗಂಡು ಹೆಣ್ಣು ಊಟಕ್ಕೆ ಕೂತಿದ್ದರು.

ಮಧ್ಯಾಹ್ನವೇ ಬಂದು ಸೇರಲು ಹೇಳಿ, ಅಂದರೆ ಮಧ್ಯಾಹ್ನದ ಊಟವೂ ನಿಮ್ಮದೇ. ರಾತ್ರಿ ಮಲಗುವ ಜಾಗವೂ ನಿಮ್ಮದೇ. ಕಾಡಂಚಿನ ಊರುಗಳಿಗೆ ಹೋದ ನಮ್ಮ ತಾಲ್ಲೂಕಿನ ತಂಡವನ್ನೂ ನಡುರಾತ್ರಿ ಹೊರಡಿಸಬೇಡಿ. ಆನೆ ದಾಟುವ ರಸ್ತೆಗಳು, ದಿನವಿಡೀ ದುಡಿದು ದಣಿದ ಡ್ರೈವರು. ಛತ್ರದಲ್ಲಿ ಒಂದು ಕೋಣೆ, ಹತ್ತು ಚಾಪೆ, ಹೊದಿಕೆ ಸಾಕು.

ಹೋದ ಸಲ ಕೋಟೆಯ ಮದುವೆಯೊಂದರಲ್ಲಿ ಹಾಗೇ ಮಾಡಿದ್ದೆವು. ನಸುಕಿನಲ್ಲಿ ವಾಲಗದ ಹಿರಿಯರು ಧಾರೆಗೆ ಮುಂಚೆ ಶ್ರುತಿ ಹಿಡಿದು ಊದುತ್ತಿದ್ದರು. ಚೆಂಡೆಯ ಹುಡುಗರು ಎದ್ದು, ಚಾಪೆ ಸುತ್ತಿಟ್ಟು, ಗೇಟು ತೆರೆಯಲು ಇನ್ನೂ ಹೊತ್ತಿದೆ ಎಂದು ಮೆಟ್ಟಿಲ ಮೇಲೆ ಕೂತು ಕೇಳಿದರು. ಅಡುಗೆ ಮನೆಯಿಂದ ಎಲ್ಲರಿಗೂ ಕಾಫಿ ಬಂತು.